ಅಡುಗೆಮನೆ ಬಾಗಿಲ ಹಿಂದಿನ ಮಗ್ಗು

ನೈರೋಬಿಯ ಸೌತ್ ಸಿ ಬಡಾವಣೆಯ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ. ವೇದಿಕೆಯ ಮೇಲೆ ತೀರಿಕೊಂಡ ಮೇಷ್ಟ್ರ ಫೋಟೊ, ಫೋಟೊಗೆ ಹಾರ, ಹಾರದ ಕೆಳಗೆ ಒಂದು ನೀಲಿ ಎನಾಮಲ್ ಮಗ್ಗು. ಅಂಚಿನ ಬಣ್ಣ ಹಾರಿ ಅಲ್ಲಲ್ಲಿ ಕಪ್ಪು ಬಿದ್ದಿರುವ, ನೈರೋಬಿಯ ಯಾವ ಸಂತೆಯಲ್ಲಾದರೂ ರಾಶಿ ಹಾಕಿ ಮಾರುವಂಥದು. ಮಾತಾಡಲು ಬಂದವರೆಲ್ಲ ಫೋಟೊಗೆ ಕೈಮುಗಿದು, ಆಮೇಲೆ ಮಗ್ಗಿನ ಕಡೆ ಕೈ ತೋರಿಸಿ, ಅದೇ ಎರಡು ಮಾತು ಹೇಳಿ ಇಳಿದರು: ಎಂಥ ಸರಳ ಮನುಷ್ಯ, ಎಂಥ ಮೃದು ಸ್ವಭಾವ.

ಮೂರನೆಯವರೂ ‘ಮೃದು’ ಎಂದಾಗ ನನಗೆ ಮೈ ಉರಿಯಿತು. ನಾನು ಕಂಡವರಲ್ಲಿ ಅಷ್ಟು ಸಿಟ್ಟಿನ ಮನುಷ್ಯ ಇನ್ನೊಬ್ಬರಿಲ್ಲ. ಬೆಳಿಗ್ಗೆ ಎದ್ದರೆ ಸಿಟ್ಟು, ಪತ್ರಿಕೆ ಓದಿದರೆ ಸಿಟ್ಟು, ಪತ್ರಿಕೆ ಬರದಿದ್ದರೂ ಸಿಟ್ಟು. ಆ ಮಗ್ಗಿಗೂ ಸರಳತೆಗೂ ಎಳ್ಳಷ್ಟೂ ಸಂಬಂಧವಿಲ್ಲ. ಅದೇನೆಂದು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತಿದ್ದ ನಮ್ಮ ಕನ್ನಡ ಕೂಟದ ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತಲೆದೂಗುತ್ತಿದ್ದರು.

ನನ್ನ ಪಕ್ಕದಲ್ಲಿ ಮೇಷ್ಟ್ರ ಮಗಳು ಕೂತಿದ್ದಳು. ಮಗ್ಗನ್ನು ಮನೆಯಿಂದ ತಂದಿಟ್ಟವಳು ಅವಳೇ. ನನ್ನ ಮೊಣಕೈ ಹಿಡಿದು, “ಆಂಟೀ, ಯು ಟೆಲ್ ದೆಮ್. ನನ್ನ ಕನ್ನಡ ಇಷ್ಟಕ್ಕೆಲ್ಲ ಸಾಕಾಗಲ್ಲ,” ಎಂದಳು. ಸತ್ತವರ ಬಾಯಿ ಮುಚ್ಚಿಸುವುದು ಸುಲಭ, ಹೊಗಳಿದರೆ ಆಯಿತು. ಅವರ ಸಿಟ್ಟನ್ನು ಅವರ ಜೊತೆಗೇ ಮಣ್ಣುಮಾಡಲು ನಾನು ಬಿಡಬಾರದು ಎಂದುಕೊಂಡೆ.

ಎಲ್ಲರೂ ಅವರನ್ನು ಮ್ವಾಲಿಮು ಎನ್ನುತ್ತಿದ್ದರು, ಸ್ವಾಹಿಲಿಯಲ್ಲಿ ಮೇಷ್ಟ್ರು. ಮಂಗಳೂರು ಕಡೆಯ ಕ್ಯಾಥೊಲಿಕರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಮಂಗಳೂರು ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ನಮ್ಮವರೇ ಟ್ರಸ್ಟ್ ಮಾಡಿಕೊಂಡು ನಡೆಸುತ್ತಿದ್ದ ಶಾಲೆಯಲ್ಲಿ ಅವರು ಇತಿಹಾಸ ಹೇಳುತ್ತಿದ್ದರು, ಮೈಸೂರಿನಿಂದ ಬಂದ ನಾನು ಗಣಿತ. ಸೌತ್ ಬಿ ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಅವರ ಮನೆ. ಸಿಟ್ಟು ಬಂದಾಗ ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಉಜ್ಜುತ್ತಿದ್ದರು. ಶರ್ಟುಗಳೆಲ್ಲ ಆ ಒಂದೇ ಜಾಗದಲ್ಲಿ ಸವೆದಿದ್ದವು. ಸಿಟ್ಟು ಮಿತಿ ಮೀರಿದರೆ ಕೊಂಕಣಿಗೆ ಇಳಿದು ‘ಪುರೊ’ ಎನ್ನುತ್ತಿದ್ದರು, ಅಂದರೆ ಸಾಕು. ಆಮೇಲೆ ಮಾತೇ ಇಲ್ಲ. ಮಕ್ಕಳು ಹೆದರುತ್ತಿದ್ದದ್ದು ಆ ‘ಪುರೊ’ಗೆ.

ಮೇಲಿನ ತರಗತಿಗೆ ಅವರು ಪ್ರತಿವರ್ಷ ಒಂದು ಪ್ರಶ್ನೆ ಕೊಡುತ್ತಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಯಾಕೆ ಸೋತರು? ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕಿಗಾಗಿ ದೇಶ ಒಡೆದು ಹೊರಟವರು ದಕ್ಷಿಣದವರು ಎಂದು ಮೊದಲೇ ಪಾಠ ಆಗಿರುತ್ತಿತ್ತು. ಮಕ್ಕಳು ಪುಸ್ತಕದಲ್ಲಿದ್ದುದನ್ನು ಬರೆಯುತ್ತಿದ್ದರು: ಉತ್ತರದವರಿಗೆ ಕಾರ್ಖಾನೆ ಹೆಚ್ಚು, ರೈಲು ಹೆಚ್ಚು, ಜನ ಹೆಚ್ಚು, ಹಡಗು ಹೆಚ್ಚು. ಮ್ವಾಲಿಮು ಕೆಂಪು ಶಾಯಿಯಲ್ಲಿ ‘ಆಮೇಲೆ?’ ಎಂದು ಬರೆದು ಮುಕ್ಕಾಲು ಅಂಕ ಕತ್ತರಿಸುತ್ತಿದ್ದರು. ತಂದೆತಾಯಂದಿರು ದೂರು ತರುತ್ತಿದ್ದರು. ಪುಸ್ತಕದಲ್ಲಿರುವ ಉತ್ತರಕ್ಕೇ ಅಂಕ ಕೊಡದಿದ್ದರೆ ಹೇಗೆ ಎಂದು ನಾನೂ ಒಮ್ಮೆ ಕೇಳಿದ್ದೆ.

“ಎಂತ ಟೀಚರ್, ಫಿರಂಗಿ ಕಡಿಮೆ ಇದ್ದವರು ಗೆದ್ದದ್ದು ಲೋಕದಲ್ಲಿ ಇಲ್ಲವಾ? ಇವರು ಸೋತದ್ದು ಅವರ ಅಡುಗೆಮನೆಯಲ್ಲಿ. ಊಟಕ್ಕೆ ಕೂತು ಸೈನ್ಯ ಎಲ್ಲುಂಟು ಅಂತ ಮಾತಾಡ್ತಿದ್ದರು, ಬಡಿಸುವವಳಿಗೆ ಕಿವಿ ಇಲ್ಲ ಅಂತ ತಿಳ್ಕೊಂಡು. ಉತ್ತರದವರು ಹತ್ತಿರ ಬಂದದ್ದೇ ಅವಳು ಎದ್ದು ನಡೆದಳು. ಗದ್ದೆಯವನು ನಡೆದ. ನಡೆದು ಹೋಗಿ ಆಚೆ ಸೈನ್ಯಕ್ಕೆ ಸೇರಿದ. ಇವರಿಗೆ ಆಶ್ಚರ್ಯ! ನಮ್ಮವನೇ ಅಲ್ಲವಾ ಅಂತ.”

ಆ ‘ಆಶ್ಚರ್ಯ’ ಎನ್ನುವಾಗ ಕನ್ನಡಕ ಕೈಯಲ್ಲಿತ್ತು. ಸೋತದ್ದಕ್ಕಲ್ಲ, ಅವರು ಆಶ್ಚರ್ಯಪಟ್ಟದ್ದಕ್ಕೆ ಮ್ವಾಲಿಮುಗೆ ಸಿಟ್ಟು.

ಎರಡನೆಯ ಪಾಠ ಧರ್ಮದ್ದು. ಎರಡೂ ಸೈನ್ಯದ ಡೇರೆಗಳಲ್ಲಿ ಇದ್ದದ್ದು ಒಂದೇ ಬೈಬಲ್, ಎರಡೂ ಕಡೆಯವರು ಮಂಡಿಯೂರಿದ್ದು ಒಬ್ಬನೇ ದೇವರಿಗೆ ಎಂದು ಶುರುಮಾಡುತ್ತಿದ್ದರು. ದಕ್ಷಿಣದ ಪಾದ್ರಿಗಳು ಅಬ್ರಹಾಮನಿಗೂ ಆಳುಗಳಿದ್ದರಲ್ಲ ಎಂದರು, ಆಳು ಒಡೆಯನಿಗೆ ವಿಧೇಯನಾಗಿರಲಿ ಎಂಬ ಸಾಲನ್ನು ಭಾನುವಾರದ ಮೇಲೆ ಭಾನುವಾರ ಓದಿದರು. ಗುಲಾಮರು ಅದೇ ಪುಸ್ತಕದಲ್ಲಿ ಮೋಶೆಯನ್ನು ಹುಡುಕಿಕೊಂಡರು, ಒಂದು ಇಡೀ ಜನಾಂಗ ಫರೋಹನ ಕೈಯಿಂದ ಹೊರಟುಹೋದ ಕಥೆಯನ್ನು ಹಾಡಿಕೊಂಡರು. ಹಾಗಾದರೆ ಪುಸ್ತಕ ಯಾರ ಕಡೆ ಎಂದು ಇಲ್ಲಿನ ಕಿಕುಯು ಸಮುದಾಯದ ಹುಡುಗಿಯೊಬ್ಬಳು ಕೇಳಿದಳಂತೆ. ಅದು ನೀನು ಎಲ್ಲಿ ಕೂತು ಓದುತ್ತೀ ಎನ್ನುವುದರ ಮೇಲಿದೆ, ಮೇಜಿನ ಹತ್ತಿರವೋ ಅಡುಗೆಮನೆಯಲ್ಲೋ, ಎಂದರಂತೆ ಇವರು. ಅದಕ್ಕೂ ದೂರು ಬಂತು. ಈ ಸಲ ಅವರದೇ ಚರ್ಚಿನವರಿಂದ.

ಎಂಬತ್ತೆರಡರ ಆಗಸ್ಟಿನಲ್ಲಿ ಸೈನ್ಯದ ಒಂದು ಗುಂಪು ಸರ್ಕಾರವನ್ನು ಉರುಳಿಸಲು ಹೋಗಿ ನೈರೋಬಿ ಹೊತ್ತಿಕೊಂಡಿತಲ್ಲ, ಆಗ ನಾವೆಲ್ಲ ಬಾಗಿಲು ಹಾಕಿಕೊಂಡು ಮಂಚದ ಕೆಳಗಿದ್ದೆವು. ಗಲಾಟೆ ತಣ್ಣಗಾದ ಮೇಲೆ ಸಿರಿವಂತರ ಬಡಾವಣೆ ಸ್ಪ್ರಿಂಗ್ ವ್ಯಾಲಿಯಲ್ಲಿದ್ದ ಕೂಟದ ಅಧ್ಯಕ್ಷರ ಮನೆಗೆ ಮಾತಾಡಿಸಲು ಹೋದೆವು. ಅಧ್ಯಕ್ಷರು ಡಾಕ್ಟರು, ಶಾಲೆಯ ಟ್ರಸ್ಟಿಗೂ ಅವರೇ ಯಜಮಾನರು. ಮನೆಗೆ ಏನೂ ಆಗಿರಲಿಲ್ಲ. ಆದರೆ ಅವರ ಹೆಂಡತಿ ಅಳುತ್ತಿದ್ದರು. ವರ್ಷಗಟ್ಟಲೆ ಮನೆಯಲ್ಲಿದ್ದ ಕೆಲಸದವಳು ಆ ಭಾನುವಾರ ಗೇಟಿನ ಬೀಗದ ಕೈಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ತನ್ನ ಗಂಟು ತೆಗೆದುಕೊಂಡು ಹೊರಟುಹೋಗಿದ್ದಳು. ಒಂದು ಚಮಚವನ್ನೂ ಮುಟ್ಟಿರಲಿಲ್ಲ. ಮನೆಮಗಳ ಹಾಗೆ ನೋಡಿಕೊಂಡಿದ್ದೆವು ಎಂದು ಆಕೆ ಮತ್ತೆ ಮತ್ತೆ ಹೇಳಿದರು.

ಮ್ವಾಲಿಮು ಅವಳ ಹೆಸರೇನು ಎಂದು ಕೇಳಿದರು. ಮೇರಿ. ತಂದೆತಾಯಿ ಇಟ್ಟ ಹೆಸರು? ಗೊತ್ತಿಲ್ಲ. ಊರು? ಆಕೆ ಗಂಡನ ಮುಖ ನೋಡಿದರು, ಗಂಡ ಕಿಟಕಿ ನೋಡಿದರು. ಮ್ವಾಲಿಮು ‘ಪುರೊ’ ಎಂದು ಎದ್ದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಅವರ ಹಿಂದೆ ಓಡಬೇಕಾಯಿತು. ದಾರಿಯುದ್ದಕ್ಕೂ ಅವರು ಹೇಳಿದ್ದಿಷ್ಟೆ: ದಕ್ಷಿಣದ ಹೆಂಗಸರೂ ಹೀಗೇ ಅತ್ತಿದ್ದರಂತೆ, ಇದೇ ಮಾತು ಹೇಳಿಕೊಂಡು.

ನವೆಂಬರ್ ಬಂತು, ರಾಜ್ಯೋತ್ಸವ ಬಂತು. ಪ್ರತಿವರ್ಷ ಒಂದು ಉಪನ್ಯಾಸ ಇಡುವುದು ನಮ್ಮ ಕೂಟದ ಪದ್ಧತಿ. ಉಪನ್ಯಾಸವಾಗದೆ ಹೋಳಿಗೆ ಸಿಗುವುದಿಲ್ಲವಾದ್ದರಿಂದ ಜನ ತಪ್ಪದೆ ಕೂತಿರುತ್ತಿದ್ದರು. ಆ ವರ್ಷ ಮ್ವಾಲಿಮು. ಗುಲಾಮಗಿರಿಯ ಬಗ್ಗೆ ಧರ್ಮ ಏನು ಹೇಳಿತು ಎಂಬ ವಿಷಯ ಕೊಟ್ಟಾಗ ಸಮಿತಿಯವರು ಅಮೆರಿಕದ್ದು ತಾನೇ ಎಂದು ಒಪ್ಪಿಕೊಂಡಿದ್ದರು.

ಅಮೆರಿಕದ ಪಾದ್ರಿಗಳ ಮಾತು ಬಂದಾಗ ಮುಂದಿನ ಸಾಲಿನ ನಮ್ಮ ಹಿಂದೂ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಹಿಂದೆ ಕೂತಿದ್ದ ಮಂಗಳೂರು ಕ್ಯಾಥೊಲಿಕರು ಮುಖ ಗಂಟಿಕ್ಕಿಕೊಂಡರು. ಚಪ್ಪಾಳೆ ನಿಲ್ಲುವವರೆಗೆ ಕಾದು, ಮ್ವಾಲಿಮು ನಮ್ಮ ಕರಾವಳಿಗೆ ಬಂದರು. ಗದ್ದೆ ಮಾರುವಾಗ ಗದ್ದೆಯ ಜೊತೆ ತಲೆಮಾರಿನಿಂದ ಜೀತಕ್ಕಿದ್ದ ಮೂಲದಾಳುಗಳನ್ನೂ ಸೇರಿಸಿ ಕೊಡುತ್ತಿದ್ದರು, ಗಂಡನನ್ನು ಒಬ್ಬರಿಗೆ ಹೆಂಡತಿಯನ್ನು ಒಬ್ಬರಿಗೆ ಎಂದರು. ಅದಕ್ಕೆ ಹಿಂದಿನ ಜನ್ಮದ ಕರ್ಮ ಎಂದು ಶಾಸ್ತ್ರ ತೆಗೆದು ತೋರಿಸುವವರು ಇದ್ದರು. ತನ್ನ ಹಿರಿಯರು ಕ್ರಿಸ್ತನನ್ನು ನಂಬಿದವರು, ಅವರೂ ಗದ್ದೆ ಕೊಂಡಾಗ ಎರಡು ಸಂಸಾರ ಅದರ ಜೊತೆ ಬಂದಿದ್ದವು, ಅವರು ಬೇಡ ಎನ್ನಲಿಲ್ಲ ಎಂದರು. ಹಿಂದಿನ ಸಾಲು, ಮುಂದಿನ ಸಾಲು ಎರಡೂ ಈಗ ಒಂದೇ ಥರ ಕೂತಿದ್ದವು.

ಆಮೇಲೆ ನೈರೋಬಿಗೆ ಬಂದರು. ನಿಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ ಉಂಟು, ಮೊಳೆಗೆ ಒಂದು ಮಗ್ಗು ಉಂಟು, ನೀವು ಮನೆಮಗಳು ಎನ್ನುವ ಕೆಲಸದವಳು ಕುಡಿಯುವುದು ಅದರಲ್ಲಿ ಎಂದರು. ಯಾಕೆ ಎಂದು ಕೇಳಿದರೆ ನೀವು ಮಡಿ ಅಂತೀರಿ, ನಾವು ಆರೋಗ್ಯ ಅಂತೇವೆ ಎಂದು ಎರಡೂ ಕಡೆ ಕೈ ತೋರಿಸಿದರು. ಅಷ್ಟು ಹೊತ್ತಿಗೆ ಯಾರೋ ಮೈಕ್ ಆರಿಸಿದರು. ಹೋಳಿಗೆಯನ್ನು ಯಾರೂ ಬಿಡಲಿಲ್ಲ, ಅದು ಬೇರೆ ಮಾತು. ನನ್ನ ಮನೆಯಲ್ಲಿ ಕೆಲಸದವರೇ ಇರಲಿಲ್ಲ, ಪಾತ್ರೆ ತೊಳೆಯುವ ಸರದಿಗಾಗಿ ಗಂಡನೂ ನಾನೂ ಜಗಳ ಕಾಯುತ್ತಿದ್ದೆವು. ಅದಕ್ಕೇ ನಿನಗೆ ಇಷ್ಟು ಧೈರ್ಯ ಎಂದು ಯಾರಾದರೂ ಅಂದರೆ ಅನ್ನಲಿ.

ಮ್ವಾಲಿಮು ಮನೆಗೆ ಹೋದಮೇಲೆ ಆದದ್ದನ್ನು ಅವರ ಹೆಂಡತಿ ನನಗೆ ಹೇಳಿದರು.  ಮಗಳು ಒಳಗೆ ಬಂದು, “ಡ್ಯಾಡೀ, ನಮ್ಮ ಕಿಚನ್ ಡೋರ್ ಹಿಂದೆ ಎವರ್ ನೋಡಿದೀರಾ?” ಎಂದಳು.

ಮ್ವಾಲಿಮು ಹೋಗಿ ಬಾಗಿಲು ಸರಿಸಿ ನೋಡಿದರು. ಮೊಳೆ. ಮೊಳೆಗೆ ನೀಲಿ ಮಗ್ಗು. ಆ ಮನೆಗೆ ಬಂದ ಹೊಸದರಲ್ಲಿ ಹೆಂಡತಿಯೇ ಹಾಕಿದ್ದು. ಆಕೆಯ ಅಮ್ಮನ ಮನೆಯಲ್ಲಿ ಇತ್ತು, ಅಕ್ಕಪಕ್ಕದ ಎಲ್ಲರ ಮನೆಯಲ್ಲೂ ಇತ್ತು, ಆಕೆ ಅದನ್ನು ಯೋಚಿಸಿ ಮಾಡಿದ್ದೇ ಅಲ್ಲ. ಊರ ಅಡುಗೆಮನೆಗಳ ಬಗ್ಗೆ ಉಪನ್ಯಾಸ ಕೊಟ್ಟ ಗಂಡಸು ತನ್ನ ಅಡುಗೆಮನೆಗೆ ಅಷ್ಟು ವರ್ಷದಲ್ಲಿ ಒಂದು ಲೋಟ ನೀರಿಗೂ ಹೋಗಿರಲಿಲ್ಲ. ಕೂತಲ್ಲಿಗೇ ಬರುತ್ತಿತ್ತಲ್ಲ.

ಮರುದಿನ ಬೆಳಿಗ್ಗೆ ಕೆಲಸದ ವಂಜಿರು ಬಂದು, ಖಾಲಿ ಮೊಳೆ ನೋಡಿ, ಮೊದಲು ಕೇಳಿದ್ದು, ನನ್ನ ಮಗ್ಗು ಎಲ್ಲಿ ಎಂದು. ಮ್ವಾಲಿಮು ಅವಳನ್ನು ಕೂರಿಸಿ, ಅವಳ ಎದುರು ಕೈಕಟ್ಟಿ ನಿಂತು, ತಪ್ಪಾಯಿತು ಎಂದರಂತೆ. ಇನ್ನು ಮೇಲೆ ನಮ್ಮ ಕಪ್ಪಿನಲ್ಲೇ ಕುಡಿ ಎಂದರಂತೆ. ವಂಜಿರುಗೆ ರೇಗಿತು. ಕೆಲಸಕ್ಕೆ ಹೊತ್ತಾಗುತ್ತಿದೆ, ಇದೇನು ಮಧ್ಯೆ ಎಂದು. ಅವಳು ಸ್ವಾಹಿಲಿಯಲ್ಲಿ ಹೇಳಿದ್ದನ್ನು ಅವರ ಹೆಂಡತಿ ನನಗೆ ಹಾಗೇ ಒಪ್ಪಿಸಿದರು: “ಕಪ್ಪು ನಿಮ್ಮ ಇಷ್ಟ. ನನಗೆ ಭಾನುವಾರ ಬೆಳಿಗ್ಗೆ ಬಿಡಿ. ನೀವು ಚರ್ಚಿನ ಪೂಜೆಗೆ ಹೋಗ್ತೀರಿ, ನೀವು ಬರುವಷ್ಟರಲ್ಲಿ ನಾನು ಕೋಳಿ ಬೇಯಿಸಬೇಕು. ನಾನೂ ಅದೇ ಚರ್ಚಿನವಳು.”

ಮ್ವಾಲಿಮುಗೆ ಅದು ಗೊತ್ತೇ ಇರಲಿಲ್ಲ. ದಕ್ಷಿಣದ ಪಾದ್ರಿಗಳನ್ನು ವರ್ಷ ವರ್ಷ ಕಟಕಟೆಗೆ ಹತ್ತಿಸಿದವರು, ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಚರ್ಚಿಗೆ ಹೋಗಿ, ಆ ಚರ್ಚಿನವಳೇ ಬೇಯಿಸಿದ ಕೋಳಿ ತಿಂದಿದ್ದರು. ಆ ದಿನ ಅವರು ಶಾಲೆಗೆ ಬರಲಿಲ್ಲ. ಮರುದಿನ ಬಂದಾಗ ಬಟ್ಟೆಯ ಚೀಲದಲ್ಲಿ ಆ ನೀಲಿ ಮಗ್ಗು ಇತ್ತು. ಸ್ಟಾಫ್‌ರೂಮಿನಲ್ಲಿ ಅದಕ್ಕೇ ಚಹಾ ಹಾಕಿಸಿಕೊಂಡರು. ಅವತ್ತಿನಿಂದ ಅವರು ಬೇರೆ ಯಾವುದರಲ್ಲೂ ಕುಡಿದದ್ದನ್ನು ನಾನು ನೋಡಲಿಲ್ಲ. ಸುಟ್ಟ ತುಟಿ ಒರೆಸಿಕೊಳ್ಳುತ್ತಾ, ತನ್ನ ಮೇಲೇ ಹಲ್ಲು ಕಡಿಯುತ್ತಾ ಕುಡಿಯುತ್ತಿದ್ದರು. ಸರಳತೆಯಂತೆ!

ವಂಜಿರು ಕೆಲವು ಭಾನುವಾರ ಚರ್ಚಿಗೆ ಹೋದಳು. ಅಲ್ಲಿ ಯಾರೋ ಪರಿಚಯವಾಗಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕ್ರಿಸ್ಮಸ್ಸಿಗೆ ಮುಂಚೆಯೇ ಇವರ ಮನೆ ಬಿಟ್ಟಳು. ಮರುದಿನ ಬೆಳಿಗ್ಗೆ ಮ್ವಾಲಿಮು ಸ್ಟಾಫ್‌ರೂಮಿಗೆ ಬಂದು ನನ್ನ ಮೇಜಿನ ಹತ್ತಿರ ನಿಂತು, “ದಕ್ಷಿಣ ಸೋತಿತು ಟೀಚರ್, ನಮ್ಮ ಮನೆಯಲ್ಲೇ,” ಎಂದರು. ಸಿಟ್ಟೋ ಸಂತೋಷವೋ ಹೇಳಲು ಬರುತ್ತಿರಲಿಲ್ಲ. ಕನ್ನಡಕ ಮಾತ್ರ ಮೂಗಿನ ಮೇಲೇ ಇತ್ತು.

ಅಷ್ಟರಲ್ಲಿ ಅಧ್ಯಕ್ಷರು ಅವರನ್ನು ಕರೆಸಿದ್ದರು. ನಮ್ಮಂಥ ಪರದೇಶದ ಮೇಷ್ಟ್ರುಗಳು ಕೀನ್ಯಾದಲ್ಲಿರಬೇಕಾದರೆ ವರ್ಕ್ ಪರ್ಮಿಟ್ ಬೇಕು, ಅದಕ್ಕೆ ಅರ್ಜಿ ಹಾಕುವುದು ಶಾಲೆ. ಮ್ವಾಲಿಮು ಅವರ ಪರ್ಮಿಟ್ ಈಸ್ಟರ್ ಹೊತ್ತಿಗೆ ಮುಗಿಯುತ್ತಿತ್ತು. ಸಂಕ್ರಾಂತಿ ಕೂಟದಲ್ಲಿ ವೇದಿಕೆಗೆ ಬಂದು ಆ ಉಪನ್ಯಾಸಕ್ಕಾಗಿ ಕ್ಷಮಿಸಿ ಎಂದು ಒಂದು ಮಾತು ಹೇಳಿದರೆ ಅರ್ಜಿ ಹೋಗುತ್ತದೆ, ಇಲ್ಲವಾದರೆ ಇಲ್ಲ. “ಮಗಳದು ಎಕ್ಸಾಮ್ ಇಯರ್ ಅಲ್ವಾ? ಸ್ವಲ್ಪ ಥಿಂಕ್ ಮಾಡಿ,” ಎಂದರಂತೆ, ಬೆಣ್ಣೆಯಂಥ ದನಿಯಲ್ಲಿ. ಆ ದನಿ ನನಗೆ ಗೊತ್ತು. ಗದರಿಸುವವರನ್ನು ತಡೆದುಕೊಳ್ಳಬಹುದು, ಈ ಬೆಣ್ಣೆಯವರನ್ನು ಆಗುವುದಿಲ್ಲ.

ಅವರ ಹೆಂಡತಿ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದರು. ಒಂದು ಮಾತು ತಾನೇ, ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ, ಹುಡುಗಿ ಪರೀಕ್ಷೆಗೆ ಮೊದಲು ಊರಿಗೆ ಹೊರಡಬೇಕಾದರೆ ಅವಳ ಗತಿ ಏನು ಎಂದರು. ಆಕೆ ಹೇಳಿದ್ದು ಸರಿಯೇ ಇತ್ತು. ಒಂದು ಮನೆಯವರಿಗೆ ಹೀಗೆ ಕಣ್ಣೀರು ಹಾಕಿಸುವ ಅಧಿಕಾರ ಯಾರು ಕೊಟ್ಟರು ಈ ಅಧ್ಯಕ್ಷರಿಗೆ ಎಂದು ನಾನು ಕುದಿಯುತ್ತಿದ್ದೆ.

ಸಂಕ್ರಾಂತಿಯ ದಿನ ಇದೇ ಹಾಲ್. ಎಲ್ಲರ ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ. ಒಳ್ಳೆಯ ಮಾತಿನ ಹಬ್ಬ ಎಂದು ಅಧ್ಯಕ್ಷರು ಪೀಠಿಕೆ ಹಾಕಿ ಮ್ವಾಲಿಮು ಅವರನ್ನು ಕರೆದರು. ಅವರು ಚೀಲದೊಂದಿಗೇ ವೇದಿಕೆ ಹತ್ತಿದರು. ಮಗ್ಗು ತೆಗೆದು ಎತ್ತಿ ಹಿಡಿದರು.

“ಹೋದ ಸಲ ನಿಮ್ಮ ಮನೆಗಳ ಮಗ್ಗಿನ ವಿಷಯ ಹೇಳಿದೆ, ನಮ್ಮ ಮನೆಯದ್ದು ಹೇಳಲಿಲ್ಲ. ಅದು ತಪ್ಪು. ಇದು ನಮ್ಮ ಮನೆಯದ್ದು, ವಂಜಿರು ಕುಡಿಯುತ್ತಿದ್ದ ಮಗ್ಗು. ಕ್ಷಮೆ ಯಾರ ಹತ್ತಿರ ಕೇಳಬೇಕಿತ್ತೋ ಅವಳ ಹತ್ತಿರ ಕೇಳಿ ಆಗಿದೆ. ನಿಮ್ಮ ಹತ್ತಿರ ಕೇಳ್ಲಿಕ್ಕೆ ನನಗೆ ಎಂತದೂ ಇಲ್ಲ.”

ಇಳಿದು ಬಂದು, ಹಿಂದಿನ ಮೇಜಿನ ಫ್ಲಾಸ್ಕಿನಿಂದ ಆ ಮಗ್ಗಿಗೆ ಚಹಾ ಬಗ್ಗಿಸಿಕೊಂಡು, ನಿಂತೇ ಕುಡಿದರು. 

ಈಸ್ಟರಿಗೆ ಅವರನ್ನು ಶಾಲೆಯಿಂದ ಬಿಡಿಸಿದರು. ಹುಡುಗಿಯನ್ನೂ ಹಾಜರಿ ಪುಸ್ತಕದಿಂದ ತೆಗೆದರು, ನೌಕರರ ಮಕ್ಕಳಿಗೆ ಮಾತ್ರ ರಿಯಾಯಿತಿಯಂತೆ. ಊರಾಚೆ ಜನರೇ ದುಡ್ಡು ಸೇರಿಸಿ ಕಟ್ಟಿಕೊಂಡಿದ್ದ ತಗಡಿನ ಮಾಡಿನ ಶಾಲೆಯ ಹೆಡ್‌ಮಾಸ್ಟರು ಪರ್ಮಿಟ್ಟಿಗೆ ಅರ್ಜಿ ಹಾಕಿದರು. ಅದು ಬರುವವರೆಗಿನ ತಿಂಗಳುಗಳಲ್ಲಿ ಆ ಮನೆಯವರು ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚುತ್ತಿದ್ದರು. ಹುಡುಗಿ ನಮ್ಮ ಊಟದ ಮೇಜಿನ ಮುಂದೆ ಕೂತು ನನ್ನ ಹತ್ತಿರ ಗಣಿತ ಮಾಡಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ, ಚೆನ್ನಾಗಿಯೇ ಪಾಸಾದಳು. ಇವತ್ತು ಅವಳು ವಕೀಲಳು. ಕೂಟದವರು ಅವಳನ್ನು ನಮ್ಮ ಹುಡುಗಿ ಎನ್ನುತ್ತಾರೆ.

ಮ್ವಾಲಿಮು ನಿವೃತ್ತರಾಗುವವರೆಗೂ ಆ ಶಾಲೆಗೇ ಹೋದರು, ಬೆಳಿಗ್ಗೆ ಎರಡು ಮಟಾಟು ಬದಲಿಸಿ. ಕಿಕ್ಕಿರಿದ ವ್ಯಾನಿನಲ್ಲಿ ಚೀಲವನ್ನು ಎದೆಗವಚಿಕೊಂಡು ಬಗ್ಗಿ ನಿಂತಿರುತ್ತಿದ್ದರು. ಕೂಟದ ಯಾರೊಬ್ಬರೂ ಅಷ್ಟು ವರ್ಷ ಅವರನ್ನು ಒಂದು ಹಬ್ಬಕ್ಕೆ ಕರೆಯಲಿಲ್ಲ. ಸತ್ತ ಮೇಲೆ ಹಾಲ್ ಬುಕ್ ಮಾಡಿದರು.

ಇಷ್ಟೆಲ್ಲವನ್ನೂ ಹೇಳಬೇಕೆಂದು ನಾನು ಶ್ರದ್ಧಾಂಜಲಿ ಸಭೆಯಲ್ಲಿ ಕಾದು ಕೂತಿದ್ದೆ. ಅಧ್ಯಕ್ಷರು ಎದ್ದರು. ವಯಸ್ಸಾಗಿದೆ, ದನಿ ಮಾತ್ರ ಅದೇ ಬೆಣ್ಣೆ. ಮಗ್ಗನ್ನು ತೋರಿಸಿ, ಈ ಕಾಲದ ಮಕ್ಕಳು ಇದನ್ನು ನೋಡಿ ಕಲಿಯಬೇಕು, ಇಂಥ ಸರಳತೆ ನಮ್ಮೆಲ್ಲರಿಗೂ ಬರಲಿ ಎಂದರು. ಹೊಸದಾಗಿ ಬಂದ ಬೆಂಗಳೂರಿನವರಿಗೆ ಹಳೆಯ ಕಥೆ ಗೊತ್ತಿಲ್ಲ, ಅವರು ಪಾಪ ಕಣ್ಣೊರೆಸಿಕೊಂಡರು. ನಾನು ಕೈ ಎತ್ತಿದೆ. “ಟೂ ಮಿನಿಟ್ಸ್ ಮೇಡಂ, ಚಹಾ ಆರ್ತಾ ಇದೆ,” ಎಂದರು.

ಎರಡು ನಿಮಿಷದಲ್ಲಿ ಏನು ಹೇಳುವುದು? ನಾನು ಮೈಕಿಗೆ ಹೋಗಲಿಲ್ಲ. ನೇರ ಫೋಟೊ ಹತ್ತಿರ ಹೋಗಿ, ಹಾರ ಸರಿಸಿ, ಮಗ್ಗು ತೆಗೆದುಕೊಂಡು ಹಿಂದಿನ ಅಡುಗೆಕೋಣೆಗೆ ಹೋದೆ. ಹಾಲ್ ಗುಡಿಸುವಾತ ಅಲ್ಲಿ ಮೆಟ್ಟಿಲ ಮೇಲೆ ಕೂತು ಪ್ಲಾಸ್ಟಿಕ್ ಮಗ್ಗಿನಲ್ಲಿ ಚಹಾ ಕುಡಿಯುತ್ತಿದ್ದ. ಬಾಗಿಲ ಹಿಂದೆ ಮೊಳೆ ಇತ್ತು. ನಾನು ಅದನ್ನು ಹುಡುಕಲೆಂದು ಹೋಗಿರಲಿಲ್ಲ, ಕಣ್ಣಿಗೆ ಬಿತ್ತು. ನನಗೆ ಅಳು ಬಂತು, ಸಿಟ್ಟಿನ ಅಳು. ನೀಲಿ ಮಗ್ಗು ತೊಳೆದು, ಅಂಚಿನವರೆಗೆ ಚಹಾ ತುಂಬಿಸಿ, ವೇದಿಕೆಗೆ ತಂದು ಅಧ್ಯಕ್ಷರ ಕೈಗೆ ಕೊಟ್ಟೆ.

“ಇದು ವಂಜಿರು ಮಗ್ಗು. ನಿಮಗೆ ನೆನಪಿದೆ,” ಎಂದೆ. ಮೈಕ್ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

ಅವರು ಮಗ್ಗಿನ ಅಂಚಿನ ಕಪ್ಪನ್ನು ನೋಡಿದರು. “ನಂಗೆ ಶುಗರ್ ಇದೆಯಮ್ಮಾ,” ಎಂದರು.

“ಗೊತ್ತು, ಸಕ್ಕರೆ ಹಾಕಿಲ್ಲ.”

ಅವರು ಕುಡಿಯಲಿಲ್ಲ. ಕೆಳಗಿಡಲು ಅತ್ತಿತ್ತ ನೋಡಿದರು. ಇದ್ದ ಮೇಜು ಒಂದೇ, ಅದರ ಮೇಲೆ ಮ್ವಾಲಿಮು ಅವರ ಫೋಟೊ. ಮಗಳು ಎದ್ದು ಬಂದು ಮೇಜಿನ ಪಕ್ಕ ನಿಂತಳು. ಅಧ್ಯಕ್ಷರು ಎರಡೂ ಕೈಯಲ್ಲಿ ಆ ಮಗ್ಗು ಹಿಡಿದು, ಚಹಾದ ಮೇಲೆ ಕೆನೆ ಕಟ್ಟುವವರೆಗೂ ನಿಂತಿದ್ದರು. ಅಷ್ಟು ಹೊತ್ತೂ ಆ ಹಾಲ್‌ನಲ್ಲಿ ಯಾರೂ ಸರಳತೆಯ ಮಾತೆತ್ತಲಿಲ್ಲ.